ಬೆಲ್ಲದ ಕಾಟಾದ ಮೇಲೆ ಕ್ಯಾಮೆರಾ ಬ್ಯಾಗು

ಕೊಕ್ಕರೆ ಬೆಳ್ಳೂರಿಗೋ ರಂಗನತಿಟ್ಟಿಗೋ ಹೊರಟಾಗ ಬ್ಯಾಗಿನ ತೂಕ ಯಾರು ಕೇಳುತ್ತಾರೆ? ಮಂಡ್ಯದಿಂದ ಬೈಕಿನ ಹಿಂದಕ್ಕೆ ಬಿಗಿದರೆ ಮುಗಿಯಿತು. ಕಾಜಿರಂಗಕ್ಕೆಂದು ಮೊದಲ ಸಲ ದೇವನಹಳ್ಳಿಯಲ್ಲಿ ಗುವಾಹಟಿ ವಿಮಾನದ ಸಾಲಿನಲ್ಲಿ ನಿಂತಾಗಲೇ ನನಗೆ ಬುದ್ಧಿ ಬಂದದ್ದು. ಕೌಂಟರಿನ ಹುಡುಗಿ ಬ್ಯಾಗು ತೂಗಿ, "ಸರ್, 9.8 ಇದೆ. ಕೈಯಲ್ಲಿ ಒಳಗೆ ಒಯ್ಯೋಕೆ ಏಳೇ ಕಿಲೋ ಬಿಡೋದು, ಚೆಕ್-ಇನ್‌ಗೆ ಹಾಕಿ" ಅಂದಳು.

ಲೆನ್ಸನ್ನು ಚೆಕ್-ಇನ್‌ಗೆ ಹಾಕುವುದುಂಟೆ! ಅಲ್ಲೇ ನೆಲದ ಮೇಲೆ ಬ್ಯಾಗು ಬಿಚ್ಚಿ, 200-500 ಎಂಎಂನ ಉದ್ದ ಲೆನ್ಸ್ ಸಮೇತ ಡಿ500 ಕ್ಯಾಮೆರಾವನ್ನು ಕೊರಳಿಗೆ ಹಾಕಿಕೊಂಡೆ. ಬ್ಯಾಗು 6.6ಕ್ಕೆ ಇಳಿಯಿತು. ಅವಳು ನಕ್ಕು ಒಳಗೆ ಬಿಟ್ಟಳು. ಅದೇ ದೊಡ್ಡ ಉಪಾಯ ಅಂದುಕೊಂಡೆ ನೋಡಿ, ವಾಪಸ್ ಬರುವಾಗ ಅಲ್ಲಿದ್ದವರು ಕೊರಳಲ್ಲಿದ್ದದ್ದನ್ನೂ ಬ್ಯಾಗಿಗೆ ಹಾಕಿಸಿ ತೂಗಿದರು. 70-200 ಲೆನ್ಸನ್ನು ಸ್ವೆಟರಿನಲ್ಲಿ ಸುತ್ತಿ, ಲ್ಯಾಪ್‌ಟಾಪಿನ ಜೊತೆ ಸೂಟ್‌ಕೇಸಿಗೆ ತುರುಕಬೇಕಾಯಿತು. ಮನೆಗೆ ಬಂದು ತೆಗೆದರೆ ಲೆನ್ಸ್ ಮುಂದಿನ ಫಿಲ್ಟರ್ ಗಾಜು ಪುಡಿ, ಫಿಲ್ಟರ್ ಕೂರುವ ಅಂಚು ನೆಗ್ಗಿತ್ತು. ಕೊರಳ ಉಪಾಯ ಎದುರಿಗಿರುವವರ ಮರ್ಜಿಯ ಮೇಲೆ ನಡೆಯುವಂಥದ್ದು, ನಂಬಿಕೊಂಡು ಹೋಗಬೇಡಿ.

ಮುಂದಿನ ಸಲ ಹೊರಡುವ ಮುಂಚೆ ಎಲ್ಲವನ್ನೂ ಬಾಮೈದನ ಬೆಲ್ಲದ ಮಂಡಿಗೆ ಹೊತ್ತೊಯ್ದು ಒಂದೊಂದಾಗಿ ಕಾಟಾದ ಮೇಲಿಟ್ಟೆ. "ಏನ್ ಭಾವ, ಇದ್ಕೂ ರೇಟ್ ಹಾಕ್ಬೇಕಾ?" ಅಂತ ಅವನ ತಮಾಷೆ. ಡಿ500 860 ಗ್ರಾಂ, 200-500 ಲೆನ್ಸ್ 2.3 ಕಿಲೋ, ಇನ್ನೊಂದು ಕ್ಯಾಮೆರಾ ಡಿ750 840 ಗ್ರಾಂ, 70-200 1.43 ಕಿಲೋ, ಲ್ಯಾಪ್‌ಟಾಪು ಚಾರ್ಜರು ಸೇರಿ 1.9. ಇವೆಲ್ಲ ಬೇಕಾದವೇ. ಹೊಟ್ಟೆ ಉರಿದದ್ದು ಖಾಲಿ ಬ್ಯಾಗು ಇಟ್ಟಾಗ: 2.2 ಕಿಲೋ! ದುಡ್ಡು ಸುರಿದು ತಂದ ಗಟ್ಟಿಮುಟ್ಟಾದ ಕ್ಯಾಮೆರಾ ಬ್ಯಾಗೇ ಏಳರಲ್ಲಿ ಮೂರನೇ ಒಂದು ಪಾಲು ತಿಂದು ಕೂತಿತ್ತು.

ಈಗ ಕಾಲೇಜು ಹುಡುಗರು ಹಾಕುವಂಥ ಬಟ್ಟೆಯ ಬ್ಯಾಗು, ಒಳಗೆ ಸ್ಪಂಜಿನ ಗೂಡು, ಎರಡೂ ಸೇರಿ 900 ಗ್ರಾಂ. ಅದರಲ್ಲಿ ಕ್ಯಾಮೆರಾ ಇದೆ ಅಂತ ಯಾರಿಗೂ ಅನ್ನಿಸುವುದಿಲ್ಲ, ಅದೂ ಒಳ್ಳೆಯದೇ. 200-500ರ ಟ್ರೈಪಾಡ್ ಕಾಲರ್, ಅಂದರೆ ಲೆನ್ಸನ್ನು ಟ್ರೈಪಾಡಿಗೆ ಕೂರಿಸುವ ಪಟ್ಟಿ, ಬಿಚ್ಚಿದರೆ 210 ಗ್ರಾಂ ಕಮ್ಮಿ. ಆ ಕಾಲರ್, ಟ್ರೈಪಾಡ್, ಚಾರ್ಜರ್ ಎಲ್ಲ ಚೆಕ್-ಇನ್‌ನಲ್ಲಿ ಬಟ್ಟೆಗಳ ನಡುವೆ. 70-200ರ ಬದಲು 710 ಗ್ರಾಂನ 24-120 ಲೆನ್ಸ್. ಆನೆ ಹಿಂಡು ಜೀಪಿನ ಪಕ್ಕಕ್ಕೇ ಬಂದಾಗ ಇದೇ ಕೈಗೆ ಬರುವುದು. ಲ್ಯಾಪ್‌ಟಾಪು ಮನೆಯಲ್ಲಿ, ಅದರ ಜಾಗಕ್ಕೆ ನಾಲ್ಕು ಮೆಮೊರಿ ಕಾರ್ಡು ಹೆಚ್ಚು. ದುರ್ಬೀನೂ ಸೇರಿ 6.3 ಕಿಲೋ. ಉಳಿದ 700 ಗ್ರಾಂ ನೋಡಿ ಹೆಂಡತಿ ಕೋಡುಬಳೆ ಡಬ್ಬಿ ಇಟ್ಟಳು.

ಬ್ಯಾಟರಿ ಮಾತ್ರ ತೂಕ ಉಳಿಸಲು ಚೆಕ್-ಇನ್‌ಗೆ ಹಾಕುವಂತಿಲ್ಲ. ಬಿಡಿ ಲಿಥಿಯಂ ಬ್ಯಾಟರಿ, ಪವರ್ ಬ್ಯಾಂಕ್ ಎರಡೂ ಕ್ಯಾಬಿನ್‌ನಲ್ಲೇ ಇರಬೇಕು. ಕ್ಯಾಮೆರಾ ಬ್ಯಾಟರಿ 14 ವಾಟ್-ಅವರ್ (ಬ್ಯಾಟರಿ ಹಿಡಿಯುವ ವಿದ್ಯುತ್ತಿನ ಅಳತೆ), ಮಿತಿ 100, ಹಾಗಾಗಿ ತಕರಾರಿಲ್ಲ. ಲೋಹದ ತುದಿಗಳಿಗೆ ಟೇಪ್ ಅಂಟಿಸಿ ಒಂದು ಸಣ್ಣ ಚೀಲದಲ್ಲಿ ಮೇಲೆಯೇ ಇಡುತ್ತೇನೆ. ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಏಟಿಆರ್ ಎಂಬ ಸಣ್ಣ ವಿಮಾನ ಹತ್ತುವಾಗ ಇದರ ಉಪಯೋಗ ತಿಳಿಯಿತು. ತಲೆ ಮೇಲಿನ ಗೂಡು ಅದರಲ್ಲಿ ತೀರಾ ಚಿಕ್ಕದು. ಬ್ಯಾಗು ಹಿಡಿಸದೆ ಬಾಗಿಲಲ್ಲೇ ತೆಗೆದುಕೊಂಡರೆ ಬ್ಯಾಟರಿ ಚೀಲವನ್ನೂ ಕಾರ್ಡುಗಳನ್ನೂ ಕಿತ್ತುಕೊಳ್ಳಲು ಅರ್ಧ ನಿಮಿಷ ಸಾಕು. ಉದ್ದ ಲೆನ್ಸಂತೂ ತೊಡೆಯ ಮೇಲೆ.