ಪ್ರೊಸೆಸರ್ ವೇಗ ಒಂದೊಂದು ಕಡೆ ಒಂದೊಂದು ರೀತಿ ಕಾಣಿಸಿದಾಗ

ವಿಂಡೋಸ್‌ನ ಸಿಸ್ಟಮ್ ಪುಟದಲ್ಲಿ 3.30 ಗಿಗಾಹರ್ಟ್ಸ್ ಎಂದಿರುವ ಇಂಟೆಲ್ ಕೋರ್ ಐ5-2500 ಪ್ರೊಸೆಸರ್, ಸಿಪಿಯು-ಜೆಡ್ ತಂತ್ರಾಂಶದಲ್ಲಿ ಒಮ್ಮೆ 1.6, ಮರುಕ್ಷಣ 3.7 ಎಂದು ತೋರಿಸಿದರೆ ಅದನ್ನು ಕೂಡಲೇ ದೋಷವೆಂದು ಭಾವಿಸಬೇಕಿಲ್ಲ. ಪ್ರೊಸೆಸರ್‌ನ ಹೆಸರಿನೊಂದಿಗೆ ಬರುವ ಅಂಕಿ ಚಿಪ್‌ನೊಳಗೆ ಬರೆದಿಟ್ಟ ಸ್ಥಿರ ಪಠ್ಯವೇ ಹೊರತು ಅಳತೆಯಲ್ಲ. ಸಿಪಿಯು-ಜೆಡ್ ತೋರಿಸುವುದು ಆ ಕ್ಷಣದ ವೇಗವನ್ನು, ಅಂದರೆ ಸುಮಾರು 100 ಮೆಗಾಹರ್ಟ್ಸ್‌ನ ಮೂಲ ಗಡಿಯಾರವನ್ನು (ಬೇಸ್ ಕ್ಲಾಕ್, ಅಂದರೆ ಚಿಪ್‌ನ ಮೂಲ ಮಿಡಿತದ ವೇಗ) ಗುಣಕದಿಂದ ಗುಣಿಸಿದಾಗ ಬರುವ ಸಂಖ್ಯೆಯನ್ನು. ಕೆಲಸವಿಲ್ಲದಾಗ ಸ್ಪೀಡ್‌ಸ್ಟೆಪ್ ವ್ಯವಸ್ಥೆ ಗುಣಕವನ್ನು 16ಕ್ಕೆ ಇಳಿಸುತ್ತದೆ; ಒಂದೇ ಕೋರ್‌ಗೆ (ಪ್ರೊಸೆಸರ್‌ನೊಳಗಿನ ಒಂದು ಗಣನಾ ಘಟಕಕ್ಕೆ) ಭಾರ ಬಿದ್ದಾಗ ವೇಗ ಹೆಚ್ಚಿಸುವ ಟರ್ಬೊ ವ್ಯವಸ್ಥೆ ಅದನ್ನು 37ರವರೆಗೆ ಏರಿಸುತ್ತದೆ.

ಆದ್ದರಿಂದ ಮೊದಲು ದೊಡ್ಡ ಕಡತವೊಂದನ್ನು ಜಿಪ್ ಮಾಡಲು ಬಿಟ್ಟು, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ವೇಗವನ್ನು ಗಮನಿಸಿರಿ. ಅದು 3.3 ದಾಟಿದರೆ ಯಂತ್ರ ಸರಿಯಾಗಿದೆ.

ಭಾರವಿದ್ದರೂ ವೇಗ 1.6ರಲ್ಲೇ ನಿಂತರೆ ಪವರ್ ಆಪ್ಷನ್ಸ್‌ನಲ್ಲಿ ಪ್ರೊಸೆಸರ್‌ನ ಗರಿಷ್ಠ ಮಿತಿ ಶೇ. 100 ಇದೆಯೇ ಎಂದು ನೋಡಿರಿ, ಶೇ. 99 ಇದ್ದರೂ ಸಾಮಾನ್ಯವಾಗಿ ಟರ್ಬೊ ಕೆಲಸ ಮಾಡುವುದಿಲ್ಲ. ಆರಂಭದಲ್ಲಿ ಏರಿದ ವೇಗ ಕೆಲವು ನಿಮಿಷಗಳಲ್ಲಿ ಕುಸಿದರೆ ಶಾಖವೇ ಕಾರಣವಿರಬಹುದು: ಕಂಪ್ಯೂಟರನ್ನು ಆಫ್ ಮಾಡಿ, ವಿದ್ಯುತ್ ತಂತಿ ತೆಗೆದು, ಫ್ಯಾನ್ ಮತ್ತು ಹೀಟ್‌ಸಿಂಕ್‌ನ (ಚಿಪ್‌ನ ಶಾಖ ಹೀರುವ ಲೋಹದ ಭಾಗ) ಧೂಳನ್ನು ತೆಗೆಯಿರಿ, ಇವೆರಡರ ನಡುವೆ ಅಲ್ಲ, ಚಿಪ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿದ್ದರೆ ಬದಲಿಸಿರಿ. ಇವೆಲ್ಲ ಸರಿಯಿದ್ದರೆ ಮಾತ್ರ ಬಯೋಸ್‌ಗೆ (ಕಂಪ್ಯೂಟರ್ ಆರಂಭವಾಗುವಾಗ ಓಡುವ ಮೂಲ ತಂತ್ರಾಂಶ) ಹೋಗಿ ಮೂಲ ಸೆಟ್ಟಿಂಗ್‌ಗಳನ್ನು ಮರಳಿ ತರಬೇಕು. ಅಂಕಿ ಅಲುಗಾಡದಿರಲೆಂದು ಸ್ಪೀಡ್‌ಸ್ಟೆಪ್ ಅನ್ನೇ ನಿಲ್ಲಿಸುವವರಿದ್ದಾರೆ. ಅದರಿಂದ ವಿದ್ಯುತ್ ವ್ಯರ್ಥವಾಗುವುದಲ್ಲದೆ ಬೇರೆ ಲಾಭ ಕಾಣೆ.