ಯಾವ ತೋಟದ ರೈಟರ್?

ನಮ್ಮ ಕಡೆ ಯಾರಾದರೂ ಏನು ಕೆಲಸ ಅಂತ ಕೇಳಿದಾಗ 'ರೈಟರ್' ಅಂದರೆ, ಮುಂದಿನ ಪ್ರಶ್ನೆ 'ಯಾವ ತೋಟದಲ್ಲಿ?' ಎಂದೇ ಇರುತ್ತದೆ. ಕೊಡಗಿನ ಕಾಫಿ ತೋಟಗಳಲ್ಲಿ ಆಳುಗಳ ಹಾಜರಿ, ಹಣ್ಣಿನ ತೂಕ, ಬಟವಾಡೆ ಲೆಕ್ಕ ಬರೆಯುವವರನ್ನು ರೈಟರ್ ಅನ್ನುತ್ತಾರೆ. ನಾನು ಬರೆಯುವುದು ಜಾಹೀರಾತು. ಮೊದಲೆಲ್ಲ ತಿದ್ದಿ ಹೇಳುತ್ತಿದ್ದೆ. ಈಗ ಬಿಟ್ಟಿದ್ದೇನೆ. ವರ್ಷದಲ್ಲಿ ಎರಡು ತಿಂಗಳು ಆ ಕೆಲಸವನ್ನೂ ನಾನೇ ಮಾಡುತ್ತೇನಲ್ಲ.

ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದ್ದೆ. ಜಾಹೀರಾತು ಏಜೆನ್ಸಿಗೆ ಟ್ರೈನಿಯಾಗಿ ಸೇರಿದವಳು ಕ್ರಿಯೇಟಿವ್ ಡೈರೆಕ್ಟರ್ ಕುರ್ಚಿಗೆ ಒಂದೇ ಮೆಟ್ಟಿಲು ಬಾಕಿ ಅನ್ನುವ ತನಕ ಬಂದಿದ್ದೆ. ಆಗ 2018ರ ಆಗಸ್ಟ್ ಬಂತು.

ಆ ವರ್ಷ ವರಮಹಾಲಕ್ಷ್ಮಿ ಹಬ್ಬ 24ಕ್ಕೆ ಇತ್ತು. ಸೀರೆ ಅಂಗಡಿಯೊಂದರ ಪ್ರಚಾರ ನಮ್ಮ ತಂಡದ ಕೈಯಲ್ಲಿತ್ತು. 'ಹಬ್ಬಕ್ಕೆ ತವರಿಗೆ ಬಾ ಮಗಳೇ' ಎಂಬ ಸಾಲನ್ನು ಹನ್ನೆರಡನೇ ಸಲ ತಿದ್ದುತ್ತಾ ಕೂತಿದ್ದೆ. ಹಬ್ಬಕ್ಕೆ ಇನ್ನೊಂದು ವಾರ ಇರುವಾಗ ಕೊಡಗಿನಲ್ಲಿ ಗುಡ್ಡಗಳು ಜರಿದವು. ಮಕ್ಕಂದೂರು, ಜೋಡುಪಾಲ, ಮಾದಾಪುರ ಅಂತ ಟಿವಿಯಲ್ಲಿ ಊರುಗಳ ಹೆಸರು ಓಡುತ್ತಿದ್ದವು. ನಮ್ಮ ಮನೆ ಇರುವುದು ಸುಂಟಿಕೊಪ್ಪದಿಂದ ಮಾದಾಪುರಕ್ಕೆ ಹೋಗುವ ದಾರಿಯಲ್ಲಿ. ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ಮನೆಯಲ್ಲಿ ಅವ್ವ ಒಬ್ಬಳೇ. ಫೋನ್ ಹತ್ತುತ್ತಿರಲಿಲ್ಲ. 'ಇವತ್ತು ರಾತ್ರಿ ಡೆಕ್ ಕಳಿಸಿ, ನಾಳೆ ಹೊರಡು' ಅಂದರು ಆಫೀಸಿನಲ್ಲಿ. ಡೆಕ್ ಅಂದರೆ ಕ್ಲೈಂಟ್‌ಗೆ ತೋರಿಸುವ ಸ್ಲೈಡುಗಳು. ಅವರು ಹಾಗೆ ಹೇಳಿದ್ದು ನನಗೆ ಈಗ ಅಷ್ಟು ದೊಡ್ಡ ವಿಷಯವಲ್ಲ. ನಾನು ಸುಮ್ನೆ ಕೂತು ಡೆಕ್ ಮುಗಿಸಿದೆನಲ್ಲ, ಅದು.

ಅವ್ವನಿಗೆ ಏನೂ ಆಗಿರಲಿಲ್ಲ. ಪಕ್ಕದಲ್ಲಿ ತೋಟದ ಆಳುಗಳಿರುವ ಲೈನ್ ಮನೆಯವರಿಗೆ ಗಂಜಿ ಬೇಯಿಸಿ ಹಾಕುತ್ತಿದ್ದಳು.

ಅಲ್ಲೇ ರಾಜೀನಾಮೆ ಕೊಟ್ಟೆ ಅಂತ ಬರೆದರೆ ಓದಲು ಚೆನ್ನಾಗಿರುತ್ತದೆ. ನಿಜಕ್ಕೂ ಹದಿನಾಲ್ಕು ತಿಂಗಳು ಹಿಡಿಯಿತು. ಮೊದಲ ಆರು ತಿಂಗಳು ನನ್ನ ರಾತ್ರಿಗಳು ಎಲ್ಲಿ ಹೋಗುತ್ತಿವೆ ಅಂತ ಲೆಕ್ಕ ಬರೆದೆ. ಟೈಮ್‌ಶೀಟ್ ಆಫೀಸಿಗೆ ಬೇಕಾದ ಹಾಗೆ ಬರೆಯುವುದು ಬೇರೆ, ಇದು ನನಗೆ ಮಾತ್ರ. ನೋಡಿದರೆ ಅರ್ಧಕ್ಕೂ ಜಾಸ್ತಿ ರಾತ್ರಿ ಹೋಗುತ್ತಿದ್ದದ್ದು 'ಅಡಾಪ್ಟ್'ಗೆ, ಅಂದರೆ ಬೇರೆ ಭಾಷೆಯ ಜಾಹೀರಾತನ್ನು ಕನ್ನಡಕ್ಕೆ ಒಗ್ಗಿಸುವುದಕ್ಕೆ. ಈ ಕೆಲಸದಲ್ಲಿ ಇರುವವರಿಗೆ ಗೊತ್ತಿರುತ್ತದೆ. ಜಾಹೀರಾತು ಹುಟ್ಟುವುದು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ. ಕ್ಲೈಂಟ್ ನಾಲ್ಕು ವಾರ ಅದನ್ನು ಹಿಂಜುತ್ತಾರೆ. ಸಂಜೆ ಏಳಕ್ಕೆ ಒಪ್ಪಿಗೆ ಸಿಗುತ್ತದೆ. ಬೆಳಿಗ್ಗೆ ಪತ್ರಿಕೆಗೆ ಹೋಗಬೇಕು. ಆಗ ಕನ್ನಡದವರಿಗೆ ಫೋನ್ ಬರುತ್ತದೆ, 'ಚಿಕ್ಕ ಕೆಲಸ, ಅರ್ಧ ಗಂಟೆ' ಅಂತ. ಹಿಂದಿಯಲ್ಲಿ ಪ್ರಾಸ ಇರುವ ಸಾಲು ಕನ್ನಡದಲ್ಲಿ ಅರ್ಧ ಗಂಟೆಗೆ ಕೂರುತ್ತದಾ? ಮೇಲಿನವರು ಕಳೆದ ಸಮಯವನ್ನೆಲ್ಲ ಕೊನೆಯಲ್ಲಿ ನಿಂತವರ ನಿದ್ದೆಯಿಂದ ವಸೂಲು ಮಾಡುತ್ತಾರೆ. ನಾನು ಎಷ್ಟು ಬೇಗ ಬರೆದರೂ, ಎಷ್ಟು ಅಚ್ಚುಕಟ್ಟಾಗಿ ದಿನ ಹಂಚಿಕೊಂಡರೂ ಪ್ರಯೋಜನ ಇರಲಿಲ್ಲ. ನಿಂತ ಜಾಗವೇ ತಪ್ಪಾಗಿತ್ತು.

ಹಾಗಾಗಿ ಬಿಟ್ಟ ಮೇಲೆ ಮೊದಲು ಮಾಡಿದ್ದು ಅಡಾಪ್ಟ್ ಕೆಲಸ ನಿಲ್ಲಿಸಿದ್ದು. ಕನ್ನಡದಲ್ಲೇ ಹುಟ್ಟುವ ಜಾಹೀರಾತು ಇದ್ದರೆ ಮಾತ್ರ ಕೊಡಿ ಅಂದೆ. ಮಳಿಗೆಗಳ ರೇಡಿಯೊ ಸ್ಪಾಟ್, ಎಣ್ಣೆ, ಮಸಾಲೆ, ಒಂದು ಪಂಪ್‌ಸೆಟ್. ಬ್ರೀಫ್, ಅಂದರೆ ಏನು ಬರೆಯಬೇಕು ಅನ್ನುವ ವಿವರ, ನನ್ನ ಹತ್ತಿರ ನೇರವಾಗಿ ಬರುತ್ತದೆ, ಮೊದಲ ದಿನವೇ ಬರುತ್ತದೆ. ಆರಂಭದಲ್ಲಿ ಸಂಬಳದ ಅರ್ಧವೂ ಬರಲಿಲ್ಲ. 2020ರ ಲಾಕ್‌ಡೌನ್ ಒಂದು ಉಪಕಾರ ಮಾಡಿತು. ಮಾದಾಪುರದ ದಾರಿಯಲ್ಲಿ ಕೂತು ಕೆಲಸ ಮಾಡುತ್ತೇನೆ ಅಂದರೆ ನಗುತ್ತಿದ್ದವರು ನಗುವುದನ್ನು ನಿಲ್ಲಿಸಿದರು.

ಎರಡನೇ ಕೆಲಸ, ಒಂದು ಹಾಳೆಯಲ್ಲಿ ಎರಡು ಸಾಲು ಎಳೆದದ್ದು. ಮೇಲೆ ತೋಟದ ವರ್ಷ, ಕೆಳಗೆ ಜಾಹೀರಾತಿನ ವರ್ಷ. ನಮ್ಮದು ಎಂಟು ಎಕರೆ ರೋಬಸ್ಟಾ. ಡಿಸೆಂಬರ್ ಕೊನೆಗೆ ಕೊಯ್ಲು ಹಿಡಿದರೆ ಫೆಬ್ರವರಿ ತನಕ. ಹಿಂದೆಯೇ ಮೆಣಸು. ಜಾಹೀರಾತಿನ ದೊಡ್ಡ ಸುಗ್ಗಿ ವರಮಹಾಲಕ್ಷ್ಮಿಯಿಂದ ದೀಪಾವಳಿ ತನಕ. ಜನವರಿಯಲ್ಲಿ ಫೋನ್ ಅಷ್ಟಾಗಿ ಬಡಿದುಕೊಳ್ಳುವುದಿಲ್ಲ. ಅಂದರೆ ಎರಡೂ ಸುಗ್ಗಿಗಳು ಒಂದರ ಬೆನ್ನಿಗೆ ಒಂದು ಬರುತ್ತವೆ, ಒಂದರ ಮೇಲೆ ಒಂದು ಬೀಳುವುದಿಲ್ಲ. ನಡುವೆ ಹುತ್ತರಿ, ಕೊಡಗಿನ ಸುಗ್ಗಿ ಹಬ್ಬ. ಬೆಂಗಳೂರಿನ ಹನ್ನೊಂದು ವರ್ಷದಲ್ಲಿ ನನಗೆ ಸಿಕ್ಕಿದ್ದು ಮೂರೇ ಹುತ್ತರಿ. ದಿನಕ್ಕೆ ಎಂಟು ಗಂಟೆ ಅಂತ ಹಂಚುವ ಆಸೆಯನ್ನು ಅಲ್ಲಿಗೆ ಬಿಟ್ಟೆ. ಅಕ್ಟೋಬರಿನಲ್ಲಿ ನಾನು ಈಗಲೂ ರಾತ್ರಿ ಒಂದರ ತನಕ ಬರೆಯುತ್ತೇನೆ. ಬೇಸರ ಇಲ್ಲ.

ಡಿಕ್ಕಿ ಹೊಡೆಯುವುದು ಎರಡೇ ಕಡೆ. ಮಾರ್ಚ್‌ನಲ್ಲಿ ಯುಗಾದಿ, ಐಪಿಎಲ್, ವರ್ಷದ ಬಜೆಟ್ ಖಾಲಿ ಮಾಡುವ ಆತುರ ಎಲ್ಲ ಒಟ್ಟಿಗೆ. ಅದೇ ಹೊತ್ತಿಗೆ ಕಾಫಿ ಹೂವು ಅರಳಿಸುವ ಹೂಮಳೆ ಕೈಕೊಟ್ಟರೆ ಕೆರೆಗೆ ಪಂಪ್ ಇಳಿಸಿ ಸ್ಪ್ರಿಂಕ್ಲರ್ ಹಾಕಬೇಕು. ಹೂವು ಕಾಯುವುದಿಲ್ಲ. ಎರಡನೆಯದು ಆಗಸ್ಟ್, ಅದನ್ನು ಕೊನೆಗೆ ಹೇಳುತ್ತೇನೆ.

ಆದರೆ ನಿಜವಾಗಿ ನನ್ನನ್ನು ಉಳಿಸಿದ್ದು ತೂಕ. ಕೊಯ್ಲಿನ ದಿನ ಸಂಜೆ ನಾಲ್ಕಕ್ಕೆ ಎಲ್ಲರೂ ಚೀಲ ಹೊತ್ತು ಕಣಕ್ಕೆ ಬರುತ್ತಾರೆ. ಒಬ್ಬೊಬ್ಬರ ಹಣ್ಣು ತೂಗಿ, ಹೆಸರಿನ ಮುಂದೆ ಕಿಲೋ ಬರೆಯಬೇಕು. ಅದರ ಮೇಲೆಯೇ ಅವರ ಕೂಲಿ. ಮೊದಲ ವರ್ಷ ಒಂದು ದಿನ ಕ್ಲೈಂಟ್ ಕಾಲ್ ಮುಗಿಯಲಿ ಅಂತ ಅವರನ್ನು ಮುಕ್ಕಾಲು ಗಂಟೆ ನಿಲ್ಲಿಸಿದೆ. ಹಳೆಯ ಆಳು ಒಬ್ಬರು, ನನ್ನನ್ನು ಎತ್ತಿ ಆಡಿಸಿದವರು, 'ಅಕ್ಕ, ನಿಮ್ಮ ಮಾತು ನಾಳೆಯೂ ಇರುತ್ತೆ. ನಮಗೆ ಕತ್ತಲಾಗುತ್ತೆ, ದಾರಿಯಲ್ಲಿ ಆನೆ ಇದೆ' ಅಂದರು. ಮಾರನೇ ದಿನದಿಂದ ನಾಲ್ಕರಿಂದ ಐದೂವರೆ ನನ್ನ ಕ್ಯಾಲೆಂಡರಿನಲ್ಲಿ 'ತೂಕ'. ವಿಚಿತ್ರ ಏನೆಂದರೆ ಯಾರೂ ಅದನ್ನು ಪ್ರಶ್ನಿಸಲಿಲ್ಲ. 'ಅಮ್ಮನ ಜೊತೆ ಇರಬೇಕು' ಅಂದಾಗ ಹತ್ತು ನಿಮಿಷ ಸಿಗಬಹುದಾ ಅಂತ ಕೇಳುತ್ತಿದ್ದ ಅದೇ ಜನ! ಕೊಯ್ಲು ಮುಗಿದ ಮೇಲೂ ನಾನು ಆ ಗುರುತು ತೆಗೆಯಲಿಲ್ಲ. ಅವ್ವನ ಬಿಪಿ ತಪಾಸಣೆ, ಮೈಸೂರಿನಿಂದ ಶನಿವಾರ ಬರುವ ಗಂಡ, ಎಲ್ಲವೂ ಈಗ ತೂಕವೇ. ಮೇ ತಿಂಗಳಲ್ಲೂ 'ತೂಕ ಮುಗೀತಾ ಮೇಡಂ?' ಅಂತ ಮೆಸೇಜ್ ಬರುತ್ತದೆ. ಮುಗಿದಿಲ್ಲ ಅನ್ನುತ್ತೇನೆ.

ಹಣದ ವಿಷಯ ಸ್ವಲ್ಪ. ಏಜೆನ್ಸಿಗಳು ಮೂರು ತಿಂಗಳು ಸತಾಯಿಸುವುದು ಮಾಮೂಲು. ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ, ಖರ್ಚಿಲ್ಲ. ಸಣ್ಣ ಉದ್ಯಮಕ್ಕೆ 45 ದಿನದೊಳಗೆ ಹಣ ಕೊಡಬೇಕು ಅಂತ ಕಾನೂನೇ ಇದೆ. ಬಿಲ್ಲಿನ ಕೆಳಗೆ ಆ ನೋಂದಣಿ ಸಂಖ್ಯೆ ಹಾಕಲು ಶುರು ಮಾಡಿದ ಮೇಲೆ ನನ್ನ ಬಿಲ್‌ಗಳು ಬೇಗ ಕದಲಿದವು.

ಕಳೆದುಕೊಂಡದ್ದೂ ಇದೆ. ಶೂಟಿಂಗ್‌ಗಳಿಗೆ ನನ್ನನ್ನು ಕರೆಯುವುದಿಲ್ಲ. ನಾನು ಕೆಲಸ ಕಲಿಸಿದ ಹುಡುಗ ಈಗ ನನಗೆ ಬ್ರೀಫ್ ಕೊಡುತ್ತಾನೆ, ಚೆನ್ನಾಗಿಯೇ ಕೊಡುತ್ತಾನೆ. ಜೂನ್‌ನಲ್ಲಿ ಫ್ರಾನ್ಸಿನ ಕಾನ್‌ನಲ್ಲಿ ಕೊಡುವ ಜಾಹೀರಾತು ಪ್ರಶಸ್ತಿಯ ಸಮಯಕ್ಕೆ ಹಳೆಯ ಗೆಳೆಯರ ಸಮುದ್ರದ ದಡದ ಫೋಟೊಗಳು ಬರುತ್ತವೆ. ನಾನು ಕಾಲಿನ ಜಿಗಣೆ ಕೀಳುತ್ತಾ ನೋಡುತ್ತೇನೆ. ಹೊಟ್ಟೆ ಉರಿಯುವುದಿಲ್ಲ ಅಂದರೆ ಸುಳ್ಳು. ಜಾಹೀರಾತು ಲೋಕದ ದೊಡ್ಡ ಹೆಸರು ಡೇವಿಡ್ ಓಗಿಲ್ವಿ 1948ರಲ್ಲಿ ನ್ಯೂಯಾರ್ಕಿನಲ್ಲಿ ಏಜೆನ್ಸಿ ತೆರೆಯುವ ಮೊದಲು ಪೆನ್ಸಿಲ್ವೇನಿಯಾದಲ್ಲಿ ಬೇಸಾಯ ಮಾಡಿಕೊಂಡಿದ್ದರು. ಕೊನೆಗಾಲದಲ್ಲಿ ಫ್ರಾನ್ಸಿನ ಹಳ್ಳಿಯಲ್ಲಿ ಕೂತು ಆಫೀಸಿಗೆ ಕಾಗದ ಬರೆಯುತ್ತಿದ್ದರು. ಇದನ್ನು ಯಾರಿಗಾದರೂ ಹೇಳಿದಾಗೆಲ್ಲ ನನಗೆ ಸ್ವಲ್ಪ ಸಮಾಧಾನ. ಅವರು ಕೂತಿದ್ದದ್ದು ಕೋಟೆಯಂಥ ಬಂಗಲೆಯಲ್ಲಿ ಅನ್ನುವುದನ್ನು ಹೇಳುವುದಿಲ್ಲ.

ಆಗಸ್ಟ್ ಮಾತ್ರ ಇನ್ನೂ ಬಗೆಹರಿದಿಲ್ಲ. ಹಬ್ಬದ ಕೆಲಸ ತಲೆ ಮೇಲೆ, ಹೊರಗೆ ಬಿಡದ ಮಳೆ. ಮರ ಬಿದ್ದು ಕರೆಂಟ್ ಹೋದರೆ ಮೂರು ದಿನ ಇಲ್ಲ. ಯುಪಿಎಸ್, ಎರಡು ಸಿಮ್, ಯಾವುದೂ ಸಾಲದು. ಕುಶಾಲನಗರದಲ್ಲಿ ಮಳೆ ಕಡಿಮೆ. ಅದಕ್ಕೆ ಪ್ರತಿ ವರ್ಷ ಜುಲೈ ನಡುವಿನಿಂದ ಎರಡು ತಿಂಗಳಿಗೆ ಅಲ್ಲಿ ಒಂದು ರೂಮ್ ಹಿಡಿಯುತ್ತೇನೆ. ಈ ಸಲದ ಮುಂಗಡವನ್ನೂ ಕೊಟ್ಟಾಗಿದೆ, ಎರಡು ಮಂಚ ಇರುವ ರೂಮ್. ಅವ್ವ ಬರುವುದಿಲ್ಲ ಅನ್ನುತ್ತಾಳೆ. ನಾಯಿಗೆ ಯಾರು ಅನ್ನ ಹಾಕುತ್ತಾರೆ ಅನ್ನುತ್ತಾಳೆ. ನಾಯಿಯನ್ನೂ ಕರೆತರಬಹುದಾ ಅಂತ ಮನೆ ಮಾಲೀಕರಿಗೆ ನಿನ್ನೆ ಫೋನ್ ಮಾಡಿದ್ದೆ. ಯೋಚಿಸಿ ಹೇಳುತ್ತೇನೆ ಅಂದಿದ್ದಾರೆ.