ಖರ್ಚಿಲ್ಲದೆ ನಗರ ನೋಡುವ ಬಗೆ

ಹೊಸ ನಗರಕ್ಕೆ ಹೋಗುವವರು ಸಾಮಾನ್ಯವಾಗಿ ನೋಡಬೇಕಾದ ಸ್ಥಳಗಳನ್ನು ಮೊದಲು ಗುರುತುಮಾಡಿಕೊಂಡು, ಪ್ರವೇಶ ಶುಲ್ಕದ ವಿಚಾರವನ್ನು ಆಮೇಲೆ ನೋಡುತ್ತಾರೆ. ಕೈಯಿಂದ ಹಣ ಬಿಚ್ಚದೆ ತಿರುಗಾಡಬೇಕೆಂದಿರುವವರು ಸ್ಥಳಕ್ಕಿಂತ ಮೊದಲು ವಾರವನ್ನೂ ವೇಳೆಯನ್ನೂ ಗೊತ್ತುಮಾಡಿಕೊಳ್ಳಬೇಕು. ಏಕೆಂದರೆ ಬೆಳಿಗ್ಗೆ ಟಿಕೆಟ್ ಕೇಳುವ ಬಾಗಿಲೇ ಸಂಜೆ ಎಲ್ಲರನ್ನೂ ಉಚಿತವಾಗಿ ಒಳಗೆ ಬಿಡುವುದುಂಟು.

ವಸ್ತುಸಂಗ್ರಹಾಲಯಗಳ ವಿಷಯದಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ. 1759ರಲ್ಲಿ ಸಾರ್ವಜನಿಕರಿಗೆ ತೆರೆದ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಶಾಶ್ವತ ಸಂಗ್ರಹವನ್ನು ಉಚಿತವಾಗಿ ನೋಡಬಹುದು. ಅಲ್ಲಿ ವಿಶೇಷ ಪ್ರದರ್ಶನಗಳಿಗೆ ಮಾತ್ರ ಟಿಕೆಟ್ ಬೇಕಾಗುತ್ತದೆ. ಮ್ಯಾಡ್ರಿಡ್‌ನ ಪ್ರಾಡೊ ಸೋಮವಾರದಿಂದ ಶನಿವಾರದವರೆಗೆ ಸಂಜೆ 6ರಿಂದ 8ರವರೆಗೆ ಶುಲ್ಕವಿಲ್ಲದೆ ತೆರೆದಿರುತ್ತದೆ. ವ್ಯಾಟಿಕನ್ ವಸ್ತುಸಂಗ್ರಹಾಲಯಗಳು ತಿಂಗಳ ಕೊನೆಯ ಭಾನುವಾರದಂದು ಈ ಅವಕಾಶ ಕೊಡುತ್ತವೆ. 1977ರಿಂದ ಆಚರಣೆಯಲ್ಲಿರುವ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನವಾದ ಮೇ 18ರಂದು, ಉಳಿದ ದಿನ ಶುಲ್ಕ ಪಡೆಯುವ ಎಷ್ಟೋ ಸಂಸ್ಥೆಗಳು ಅದನ್ನು ಕೈಬಿಡುತ್ತವೆ. ಆದರೆ ಉಚಿತ ವೇಳೆ ಎಂದರೆ ಉದ್ದನೆಯ ಸಾಲು ಎಂದೂ ಅರ್ಥ. ಎರಡು ಗಂಟೆಯಲ್ಲಿ ಇಡೀ ಕಟ್ಟಡ ಸುತ್ತುವ ಹಟ ಬಿಟ್ಟು, ಎರಡು ಮೂರು ಕೋಣೆಗಳನ್ನು ಮೊದಲೇ ಆರಿಸಿಕೊಂಡು ನೇರವಾಗಿ ಅಲ್ಲಿಗೇ ಹೋಗುವುದು ಮೇಲು. ವಾರದ ರಜೆಯನ್ನೂ ವಿಚಾರಿಸಿಕೊಳ್ಳಬೇಕು: ಪ್ಯಾರಿಸ್ಸಿನಲ್ಲಿ ಲೂವ್ರ್ ಮಂಗಳವಾರ ಮುಚ್ಚಿದ್ದರೆ, ಅಲ್ಲಿಯದೇ ಓರ್ಸೆ ಸೋಮವಾರ ಮುಚ್ಚಿರುತ್ತದೆ.

ಪ್ರವಾಸಿಗಳ ಗಮನಕ್ಕೆ ಅಷ್ಟಾಗಿ ಬಾರದ, ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಸ್ಥಳವೆಂದರೆ ನ್ಯಾಯಾಲಯ. ವಿಚಾರಣೆ ಬಹಿರಂಗವಾಗಿ ನಡೆಯಬೇಕೆಂಬ ತತ್ತ್ವವನ್ನು ಒಪ್ಪಿರುವ ದೇಶಗಳಲ್ಲಿ, ಗೋಪ್ಯವಾಗಿ ನಡೆಯಬೇಕಾದ ಪ್ರಕರಣಗಳನ್ನು ಬಿಟ್ಟರೆ, ಪ್ರಕರಣಕ್ಕೆ ಸಂಬಂಧವಿಲ್ಲದವರೂ ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಬಹುದು. ಗುರುತಿನ ಚೀಟಿ ಜೊತೆಯಲ್ಲಿರಲಿ, ಮೊಬೈಲ್ ಪೂರ್ತಿ ಆರಿಸಿರಲಿ, ಚಿತ್ರ ತೆಗೆಯುವ ಯೋಚನೆಯೂ ಬೇಡ. ಎದ್ದು ಹೋಗಬೇಕೆನಿಸಿದರೆ ಒಂದು ಪ್ರಕರಣ ಮುಗಿದು ಇನ್ನೊಂದನ್ನು ಕರೆಯುವ ನಡುವಿನ ಬಿಡುವಿನಲ್ಲಿ ಹೊರಡಬೇಕು. ಬಾಡಿಗೆಯ ಜಗಳ, ಗಡಿ ತಕರಾರು, ಸಣ್ಣ ಕಳ್ಳತನ ಇವುಗಳ ವಾದವನ್ನು ಒಂದು ಗಂಟೆ ಕೇಳಿದವರಿಗೆ ಆ ಊರಿನ ಜನ ಯಾವುದಕ್ಕಾಗಿ ಹೊಡೆದಾಡುತ್ತಾರೆಂಬುದು ತಿಳಿಯುತ್ತದೆ. ಯಾವ ಸ್ಮಾರಕವೂ ಇದನ್ನು ತಿಳಿಸಲಾರದು. ಶಾಸನಸಭೆಯ ಸಾರ್ವಜನಿಕ ಗ್ಯಾಲರಿಯೂ ಇಂಥದ್ದೇ, ಆದರೆ ಅನೇಕ ಕಡೆ ಮುಂಚಿತವಾಗಿ ಪಾಸ್ ಪಡೆಯಬೇಕಾಗುತ್ತದೆ.

ಸಂಗೀತ ಬೇಕಾದವರು ದೊಡ್ಡ ಸಭಾಂಗಣಗಳ ಬದಲು ಸಂಗೀತ ಕಾಲೇಜುಗಳತ್ತ ನೋಡಬೇಕು. ವಿದ್ಯಾರ್ಥಿಗಳ ಕಛೇರಿಗಳಿಗೆ ಕೇಳುಗರು ಬಂದಷ್ಟೂ ಅವರಿಗೆ ಸಂತೋಷ.

ನಗರದ ಒಟ್ಟು ನೋಟಕ್ಕೆ ಪ್ರವಾಸಿ ದೋಣಿಯನ್ನೇ ಹತ್ತಬೇಕೆಂದಿಲ್ಲ, ಅಲ್ಲಿಯ ನಿವಾಸಿಗಳು ದಿನವೂ ಕೆಲಸಕ್ಕೆ ಹೋಗುವ ವಾಹನವೂ ಸಾಕು. ನ್ಯೂಯಾರ್ಕಿನ ಸ್ಟ್ಯಾಟನ್ ಐಲೆಂಡ್ ದೋಣಿಯಲ್ಲಿ 1997ರಿಂದ ಪ್ರಯಾಣದರವಿಲ್ಲ. ಸುಮಾರು 25 ನಿಮಿಷದ ಆ ಹಾದಿಯಲ್ಲಿ ಸ್ವಾತಂತ್ರ್ಯ ದೇವತೆಯ ಪ್ರತಿಮೆ ಚೆನ್ನಾಗಿ ಕಾಣುತ್ತದೆ. ಲಕ್ಸೆಂಬರ್ಗ್ 2020ರಲ್ಲಿ ಇಡೀ ದೇಶದ ಬಸ್, ಟ್ರಾಮ್ ಮತ್ತು ರೈಲುಗಳನ್ನು ಉಚಿತಗೊಳಿಸಿತು, ರೈಲಿನ ಮೊದಲ ದರ್ಜೆಗೆ ಮಾತ್ರ ಹಣ ಕೊಡಬೇಕು.

ಉಚಿತವೆಂದು ಹೇಳಿಕೊಳ್ಳುವುದೆಲ್ಲ ಉಚಿತವಲ್ಲ. ಉಚಿತ ಕಾಲ್ನಡಿಗೆ ಪ್ರವಾಸಗಳಲ್ಲಿ ಮಾರ್ಗದರ್ಶಕರು ನಡೆಯುವುದು ಕೊನೆಯಲ್ಲಿ ಸಿಗುವ ಕಾಣಿಕೆಯ ಮೇಲೆ. ಕೆಲವು ಕಡೆ ಅವರೇ ಬಂದವರ ತಲೆಯೆಣಿಕೆಯ ಮೇಲೆ ಸಂಘಟಕರಿಗೆ ಹಣ ಕಟ್ಟಬೇಕಾಗುತ್ತದೆ. ಆದ್ದರಿಂದ ಎರಡು ಗಂಟೆ ಕಥೆ ಕೇಳಿ ಬರಿಗೈಯಲ್ಲಿ ಜಾರಿಕೊಳ್ಳುವುದು ಸರಿಯಲ್ಲ. ಕೊಡಲು ಮನಸ್ಸಿಲ್ಲದವರು ಒಂದು ನಕ್ಷೆ ಹಿಡಿದು ತಾವೇ ನಡೆಯಬಹುದು. ಚೀಲ ಇಡುವ ಕಟ್ಟೆ, ಆಡಿಯೋ ವಿವರಣೆ, ಆನ್‌ಲೈನ್ ಕಾಯ್ದಿರಿಸುವಿಕೆ ಇವುಗಳಿಗೆ ಬೇರೆ ಹಣ ಇದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಬೇಕು.

ಮಳೆ ಬಂದರೆ ಸಾರ್ವಜನಿಕ ಗ್ರಂಥಾಲಯವಿದೆ. ಕುರ್ಚಿ, ಪತ್ರಿಕೆ, ಶೌಚಾಲಯಗಳ ಜೊತೆಗೆ ಅಲ್ಲಿ ಬಾಗಿಲ ಬಳಿ ಒಂದು ಸೂಚನಾ ಫಲಕವೂ ಇರುತ್ತದೆ. ಆ ವಾರದ ಉಪನ್ಯಾಸ, ನಕ್ಷತ್ರ ವೀಕ್ಷಣೆ, ಬಡಾವಣೆಯ ನಾಟಕ ಇವುಗಳ ಚೀಟಿಗಳನ್ನು ಅಂಟಿಸುವುದು ಅದರ ಮೇಲೆಯೇ. ಮರುದಿನದ ಸಂಜೆಯನ್ನು ಅಲ್ಲಿ ನಿಂತೇ ಗೊತ್ತುಮಾಡಿಕೊಳ್ಳಬಹುದು.